ಹಳೆ ಪದ್ಧತಿಯೋ, ಹೊಸದೋ, ಗೃಹಲಕ್ಷ್ಮಿಯೋ: ಬಜೆಟ್ ಬಂದ ಮೇಲೆ ಮನೆ ಲೆಕ್ಕ ಹೀಗೆ ಹಾಕಿ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಜೂನ್ ಬಂತೆಂದರೆ ಓಣಿಯ ನಾಲ್ಕೈದು ಮನೆಯವರು ಪಗಾರ, ಹಿಡಿದ ತೆರಿಗೆ ತೋರಿಸುವ ಫಾರಂ 16, ಪಾಸ್‌ಬುಕ್ ಹಿಡಿದುಕೊಂಡು ಬರುತ್ತಾರೆ. ನಾನು ಆಡಿಟರ್ ಅಲ್ಲ. ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು. ಮೊದಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಅಕ್ಕಾರ, ಟ್ಯಾಕ್ಸ್ ಎಷ್ಟು ಬೀಳ್ತದ?" ಈಗ ಮೂರು ಪ್ರಶ್ನೆ ಒಟ್ಟಿಗೆ ಬರುತ್ತವೆ. ಹಳೆ ತೆರಿಗೆ ಪದ್ಧತಿಯೋ ಹೊಸದೋ? ರಿಟರ್ನ್ ಹಾಕಿದರೆ ಗೃಹಲಕ್ಷ್ಮಿ ಹೋಗುತ್ತದಾ? ಅಂಗಡಿಗೆ ಜಿಎಸ್‌ಟಿ ನಂಬರ್ ಮಾಡಿಸಬೇಕಾ?

ಈ ಮೂರನ್ನೂ ಬೇರೆ ಬೇರೆ ನೋಡಿದವರು ಕಳೆದುಕೊಂಡದ್ದೇ ಜಾಸ್ತಿ. ಗಂಡನ ಟ್ಯಾಕ್ಸನ್ನು ಅವನ ಆಫೀಸಿನವರು ನೋಡಿಕೊಳ್ಳುತ್ತಾರೆ. ಹೆಂಡತಿಗೆ ಬರುವ ದುಡ್ಡಿನ ಲೆಕ್ಕ ಹೆಂಡತಿಯ ಹತ್ತಿರ ಇರುತ್ತದೆ. ಅಪ್ಪನ ಎಫ್‌ಡಿ ಬಗ್ಗೆ ಅಪ್ಪನಿಗೆ ಮಾತ್ರ ಗೊತ್ತು. ಆದರೆ ಖರ್ಚು ನಡೆಯುವುದು ಒಂದೇ ಮನೆಯಲ್ಲಿ, ಅಲ್ವಾ? ಹಾಗಾಗಿ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಲ್ಲರದ್ದನ್ನೂ ಅದರ ಮೇಲೆ ಬರೆಯಿರಿ. ಕೆಳಗಿನ ಅಂಕಿಗಳು 2025-26ನೇ ಹಣಕಾಸು ವರ್ಷದವು. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್, ಮಾರ್ಚ್ 7ರ ರಾಜ್ಯ ಬಜೆಟ್, ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ, ಮೂರೂ ಈ ವರ್ಷಕ್ಕೆ ತಾಗಿವೆ.

ಪಗಾರದವರಿಗೆ: ಹಳೆಯದೋ ಹೊಸದೋ

ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ 8 ಲಕ್ಷದವರೆಗೆ ಶೇ 5, 12 ಲಕ್ಷದವರೆಗೆ ಶೇ 10, 16ರವರೆಗೆ ಶೇ 15, 20ರವರೆಗೆ ಶೇ 20, 24ರವರೆಗೆ ಶೇ 25, ಮೇಲೆ ಶೇ 30. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗಿನ ತೆರಿಗೆಯನ್ನು ರಿಬೇಟ್ ಎಂದು ಪೂರ್ತಿ ಬಿಡುತ್ತಾರೆ. ಪಗಾರದವರಿಗೆ ಮೊದಲೇ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತದೆ. ಅಂದರೆ ಬೇರೆ ಆದಾಯ ಇಲ್ಲದಿದ್ದರೆ 12 ಲಕ್ಷ 75 ಸಾವಿರದ ಪಗಾರದವರೆಗೆ ಸೊನ್ನೆ.

ಹಳೆ ಪದ್ಧತಿಯಲ್ಲಿ ಎರಡೂವರೆ ಲಕ್ಷದ ಮೇಲೆ ಶೇ 5, 5 ಲಕ್ಷದ ಮೇಲೆ ಶೇ 20, 10 ಲಕ್ಷದ ಮೇಲೆ ಶೇ 30. ಆದರೆ ಅಲ್ಲಿ ಎಲ್‌ಐಸಿ, ಪಿಪಿಎಫ್, ಮಕ್ಕಳ ಸಾಲಿ ಫೀ ಎಲ್ಲ ಸೇರಿ ಒಂದೂವರೆ ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ, ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಇವನ್ನೆಲ್ಲ ಕಳೆಯಬಹುದು.

ನಮ್ಮ ವೈನಿ (ಅಣ್ಣನ ಹೆಂಡತಿ) ಹೈಸ್ಕೂಲ್ ಶಿಕ್ಷಕಿ. ವರ್ಷದ ಪಗಾರ 9 ಲಕ್ಷ. ಹೊಸ ಪದ್ಧತಿಯಲ್ಲಿ ಅವರಿಗೆ ಒಂದು ರೂಪಾಯಿ ತೆರಿಗೆ ಇಲ್ಲ. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ಒಂದೂವರೆ ಲಕ್ಷ ಉಳಿತಾಯ, 25,000 ವಿಮೆ ಕಳೆದರೂ 6 ಲಕ್ಷ 75 ಸಾವಿರ ಉಳಿಯುತ್ತದೆ. ತೆರಿಗೆಯ ಮೇಲಿನ ಶೇ 4 ಸೆಸ್ ಸೇರಿ 49,400. ಹೋಲಿಸುವ ಮಾತೇ ಇಲ್ಲ. 12 ಲಕ್ಷ 75 ಸಾವಿರದೊಳಗಿನ ಪಗಾರದವರು ಹಳೆಯದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಅಲ್ಲಿ ಎಷ್ಟೇ ಕಡಿತ ತೋರಿಸಿದರೂ ಸೊನ್ನೆಗಿಂತ ಕೆಳಗೆ ಇಳಿಯಲು ಆಗುವುದಿಲ್ಲ.

"ಇನ್‌ಕ್ರಿಮೆಂಟ್ ಬಂದು 12 ಲಕ್ಷ ದಾಟಿದರೆ ಒಮ್ಮೆಲೇ 60 ಸಾವಿರ ಕಟ್ಟಬೇಕಾ?" ಎಂಬ ಭಯ ಹಲವರಿಗಿದೆ. ಇಲ್ಲ. ಕಳೆಯುವುದೆಲ್ಲ ಕಳೆದು 12 ಲಕ್ಷ 10 ಸಾವಿರ ಉಳಿದರೆ, ದಾಟಿದ ಆ 10 ಸಾವಿರಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಮೇಲೆ ಶೇ 4 ಸೆಸ್ ಮಾತ್ರ. ಸುಮ್ನೆ ಹೆದರಿ ಓವರ್‌ಟೈಮ್ ಬಿಡಬೇಡಿ.

ನಿಜವಾಗಿ ಕೂತು ಹೋಲಿಸಬೇಕಾದವರು ಅದಕ್ಕಿಂತ ಮೇಲಿನವರು. ನಮ್ಮ ಅಣ್ಣ ಬೆಳಗಾವಿಯಲ್ಲಿ ಕೆಲಸ ಮಾಡುತ್ತಾನೆ, ಪಗಾರ 16 ಲಕ್ಷ. ಸ್ವಂತ ಮನೆ ಬಾಗಲಕೋಟೆಯಲ್ಲಿ, ಅದರ ಸಾಲ ಇನ್ನೂ ನಡೆದಿದೆ. ವೈನಿ, ಮಕ್ಕಳು, ಅಪ್ಪ, ಅವ್ವ ಇಲ್ಲೇ ಇರುತ್ತಾರೆ. ಹೊಸ ಪದ್ಧತಿಯಲ್ಲಿ ಅವನಿಗೆ ಸೆಸ್ ಸೇರಿ 1,13,100 ಬೀಳುತ್ತದೆ. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಉಳಿತಾಯ ಒಂದೂವರೆ ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ತನ್ನ ಮನೆಯವರ ವಿಮೆ 25,000, ವಯಸ್ಸಾದ ಅಪ್ಪ ಅವ್ವನ ವಿಮೆ 50,000, ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ತಾನೇ ಹಾಕಿದ್ದು 50,000. ಇಷ್ಟೆಲ್ಲ ಕಳೆದರೂ 1,40,400. ಹೊಸದೇ 27,300 ಅಗ್ಗ.

ಆದರೆ ಅವನು ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಕಟ್ಟುತ್ತಾನೆ. ಅದರ ಮೇಲೆ ಒಂದೂವರೆ ಲಕ್ಷ ಎಚ್‌ಆರ್‌ಎ ವಿನಾಯಿತಿ ಹಳೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಅದನ್ನೂ ಸೇರಿಸಿದಾಗ ಹಳೆಯದು 1,01,400ಕ್ಕೆ ಇಳಿಯಿತು. ಈಗ ಹಳೆಯದು 11,700 ಲಾಭ! ನೌಕರಿ ಒಂದೂರಲ್ಲಿ, ಸ್ವಂತ ಮನೆ ಇನ್ನೊಂದೂರಲ್ಲಿ ಇದ್ದವರಿಗೆ ಮನೆ ಸಾಲದ ಬಡ್ಡಿಯೂ ಸಿಗುತ್ತದೆ, ಎಚ್‌ಆರ್‌ಎಯೂ ಸಿಗುತ್ತದೆ. ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರು ಜಿಲ್ಲೆಗಳಲ್ಲಿ ವರ್ಗಾವಣೆ ನೌಕರಿಯವರು ಹೀಗೇ ಇರುತ್ತಾರೆ. 16 ಲಕ್ಷ ಪಗಾರಕ್ಕೆ ಗಡಿ ರೇಖೆ ಇದು: ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಎಲ್ಲ ಕಡಿತ 6 ಲಕ್ಷ 19 ಸಾವಿರ ದಾಟಿದರೆ ಹಳೆಯದು, ಇಲ್ಲವಾದರೆ ಹೊಸದು.

ಬಾಡಿಗೆ ವರ್ಷಕ್ಕೆ 1 ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಬೇಕು. ಇದೇ ದೊಡ್ಡ ತೊಡಕು. ಮನೆ ಹಿಡಿಯುವಾಗಲೇ ಕೇಳಿಕೊಳ್ಳಿ. ಜೂನ್‌ನಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ.

ಪಗಾರದವರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಆಫೀಸಿನಲ್ಲಿ ಹೊಸದು ಎಂದು ಹೇಳಿದ್ದರೂ ರಿಟರ್ನ್ ಹಾಕುವಾಗ ಹಳೆಯದನ್ನು ಆರಿಸಬಹುದು. ಆದರೆ ಗಡುವಿನೊಳಗೆ ಹಾಕಬೇಕು. ತಡವಾಯಿತೋ, ಹೊಸದೇ ಗತಿ. ವ್ಯಾಪಾರದ ಆದಾಯ ಇದ್ದವರಿಗೆ ಈ ಸಲಿಗೆ ಇಲ್ಲ. ಅವರು ಫಾರಂ 10-ಐಇಎ ಕೊಟ್ಟು ಹಳೆಯದಕ್ಕೆ ಹೋಗಬೇಕು. ಒಮ್ಮೆ ಹೊಸದಕ್ಕೆ ವಾಪಸ್ ಬಂದರೆ ಮತ್ತೆ ಹಳೆಯದಕ್ಕೆ ದಾರಿ ಇಲ್ಲ.

ಒಂದು ಮಾತು ಮನಸ್ಸಿಗೆ ಹತ್ತಿ ಹೇಳುತ್ತೇನೆ. "ಹೊಸ ಪದ್ಧತಿಗೆ ಬಂದ್ವಿ, ಇನ್ನು ವಿಮೆ ಯಾಕೆ?" ಎಂದು ಆರೋಗ್ಯ ವಿಮೆ ಬಿಟ್ಟ ಎರಡು ಮನೆ ನಮ್ಮ ಓಣಿಯಲ್ಲೇ ಇವೆ. ದಯವಿಟ್ಟು ಬಿಡಬೇಡಿ. ವಿಮೆ ಇರುವುದು ಆಸ್ಪತ್ರೆಗಾಗಿ, ಟ್ಯಾಕ್ಸ್‌ಗಾಗಿ ಅಲ್ಲ. ಅದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಮನೆಯವರು ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆ, ಜೀವ ವಿಮೆ ಎರಡಕ್ಕೂ ಇದ್ದ ಶೇ 18 ಜಿಎಸ್‌ಟಿ ಹೋಗಿದೆ. 25,000ದ ಪ್ರೀಮಿಯಂಗೆ ಮೊದಲು 29,500 ಕೊಡುತ್ತಿದ್ದಿರಿ. ಹೆಣ್ಣುಮಗುವಿನ ಸುಕನ್ಯಾ ಸಮೃದ್ಧಿ, ಪಿಪಿಎಫ್ ಕೂಡ ನಿಲ್ಲಿಸುವುದು ಬೇಡ. ಹಾಕುವಾಗ ಕಡಿತ ಸಿಗದಿದ್ದರೂ ಬರುವ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ಮಾರ್ಚ್ ತಿಂಗಳ ಅವಸರದಲ್ಲಿ ಏಜೆಂಟ್ ಹೇಳಿದ ಪಾಲಿಸಿಗೆ ಸಹಿ ಹಾಕುವ ರೂಢಿ ಮಾತ್ರ ಧಾರಾಳವಾಗಿ ಬಿಡಬಹುದು.

ಪಗಾರದ ಜೊತೆ ಕಬ್ಬಿನ ಬಿಲ್ಲು ಬರುವವರು

ನಮ್ಮ ಕಡೆ ಇಂಥ ಮನೆಗಳು ಎಷ್ಟೋ. ಮುಧೋಳ, ಜಮಖಂಡಿ, ಅಥಣಿ, ರಾಯಬಾಗದಲ್ಲಿ ಮಾಸ್ತರರಿಗೆ ಕಬ್ಬು ಇರುತ್ತದೆ. ವಿಜಯಪುರದ ಕಡೆ ದ್ರಾಕ್ಷಿ, ದಾಳಿಂಬೆ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಪಗಾರದ ತೆರಿಗೆಯ ದರ ಗುರುತಿಸುವಾಗ ಹೊಲದ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಇದು ಹಲವರಿಗೆ ಗೊತ್ತಿಲ್ಲ.

ಪಗಾರ 10 ಲಕ್ಷ 75 ಸಾವಿರ ಎಂದಿಟ್ಟುಕೊಳ್ಳಿ. 75,000 ಕಳೆದು 10 ಲಕ್ಷ. ಖರ್ಚು ಕಳೆದು ಹೊಲದಲ್ಲಿ ಉಳಿದದ್ದು 6 ಲಕ್ಷ. ಎರಡೂ ಕೂಡಿಸಿ 16 ಲಕ್ಷದ ಮೇಲೆ ತೆರಿಗೆ ಕಟ್ಟಿದರೆ 1,20,000. ಇದರಲ್ಲಿ 10 ಲಕ್ಷದ ತೆರಿಗೆ, ಅಂದರೆ ಹೊಲದ 6 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಕೂಡಿಸಿ ಬರುವ 40,000 ಕಳೆಯಬೇಕು. ಉಳಿದದ್ದು 80,000. ರಿಬೇಟ್ ಗರಿಷ್ಠ 60,000. ಹಾಗಾಗಿ 20,000, ಸೆಸ್ ಸೇರಿ 20,800 ಕಟ್ಟಲೇಬೇಕು. "12 ಲಕ್ಷದೊಳಗೆ ಪಗಾರ, ನನಗೇನೂ ಇಲ್ಲ" ಎಂದು ಕೂತವರಿಗೆ ನೋಟಿಸ್ ಬರುವುದು ಇಲ್ಲೇ. ಇದೇ ಪಗಾರಕ್ಕೆ ಹೊಲದ ಉಳಿಕೆ 3 ಲಕ್ಷದೊಳಗಿದ್ದರೆ ಪೂರ್ತಿ ರಿಬೇಟ್‌ನಲ್ಲಿ ಮುಗಿಯುತ್ತದೆ.

ಆದ್ದರಿಂದ ಗೊಬ್ಬರ, ಬೀಜ, ಕೂಲಿ, ಟ್ರ್ಯಾಕ್ಟರ್ ಬಾಡಿಗೆಯ ಚೀಟಿಗಳನ್ನು ಇಟ್ಟುಕೊಳ್ಳಿ. ಲೆಕ್ಕಕ್ಕೆ ಬರುವುದು ಕಾರ್ಖಾನೆ ಕೊಟ್ಟ ಬಿಲ್ಲಿನ ಪೂರ್ತಿ ಮೊತ್ತ ಅಲ್ಲ, ಖರ್ಚು ಕಳೆದು ಉಳಿದದ್ದು. ಹೊಲ ಅಪ್ಪನ ಹೆಸರಲ್ಲಿದ್ದು, ಅಪ್ಪನೇ ಮಾಡಿಸುತ್ತಿದ್ದು, ಬಿಲ್ಲು ಅವರ ಖಾತೆಗೆ ಬರುತ್ತಿದ್ದರೆ ಅದು ಅಪ್ಪನ ಆದಾಯ. ಮಗನ ಪಗಾರಕ್ಕೆ ಕೂಡುವುದಿಲ್ಲ. ಸುಮ್ನೆ ಅನುಕೂಲ ಎಂದು ಮಗನ ಖಾತೆ ನಂಬರ್ ಕೊಟ್ಟಿದ್ದರೆ ಈ ಸಲ ಬದಲಿಸಿ.

ಸೈಟ್ ಮಾರಿದ ಲಾಭಕ್ಕೂ ಇಂಥದೇ ಒಂದು ಬಲೆ ಇದೆ. ಎರಡು ವರ್ಷ ಮೀರಿ ಇಟ್ಟುಕೊಂಡ ಸೈಟಿನ ಲಾಭಕ್ಕೆ ಶೇ 12.5 ಬೇರೆ ತೆರಿಗೆ ಇದೆ. ಹೊಸ ಪದ್ಧತಿಯ ರಿಬೇಟ್ ಅದಕ್ಕೆ ಸಿಗುವುದಿಲ್ಲ. ಮಾರುವ ಮೊದಲೇ ಆಡಿಟರ್ ಹತ್ತಿರ ಹೋಗಿ.

ಅಪ್ಪ ಅವ್ವನ ಠೇವಣಿ, ಹೆಂಡತಿಯ ಹೆಸರಿನ ಎಫ್‌ಡಿ

60 ದಾಟಿದವರಿಗೆ ಬ್ಯಾಂಕ್ ಬಡ್ಡಿ ವರ್ಷಕ್ಕೆ 1 ಲಕ್ಷ ಮೀರಿದ ಮೇಲಷ್ಟೇ ಟಿಡಿಎಸ್ (ಕೊಡುವ ಮೊದಲೇ ಹಿಡಿಯುವ ತೆರಿಗೆ) ಹಿಡಿಯುತ್ತಾರೆ. ಮೊದಲು ಈ ಮಿತಿ 50,000 ಇತ್ತು. ಉಳಿದವರಿಗೆ 40,000 ಇದ್ದದ್ದು 50,000 ಆಗಿದೆ. ಟಿಡಿಎಸ್ ಹಿಡಿದಿಲ್ಲ ಎಂದರೆ ತೆರಿಗೆಯೇ ಇಲ್ಲ ಎಂದಲ್ಲ, ಆ ಬಡ್ಡಿ ಆದಾಯಕ್ಕೆ ಸೇರುತ್ತದೆ. ಪಿಂಚಣಿ, ಬಡ್ಡಿ ಎರಡೂ ಕೂಡಿ 12 ಲಕ್ಷದೊಳಗೇ ಇರುವ ಹಿರಿಯರಿಗೆ ಹೊಸ ಪದ್ಧತಿಯಲ್ಲಿ ಏನೂ ಬೀಳುವುದಿಲ್ಲ. ಹಿಡಿದಿದ್ದರೆ ರಿಟರ್ನ್ ಹಾಕಿ ವಾಪಸ್ ತೆಗೆದುಕೊಳ್ಳಿ.

ಮಗ ತನ್ನ ದುಡ್ಡನ್ನು ಎಲ್ಲಿಡಬೇಕು? ಹೆಂಡತಿಗೆ ಕೊಟ್ಟು ಅವಳ ಹೆಸರಲ್ಲಿ ಎಫ್‌ಡಿ ಮಾಡಿದರೆ ಬಡ್ಡಿ ಗಂಡನ ಆದಾಯಕ್ಕೇ ಕೂಡುತ್ತದೆ. ಅಪ್ಪ ಅವ್ವನಿಗೆ ಕೊಟ್ಟರೆ ಕೂಡುವುದಿಲ್ಲ, ಅದು ಅವರದೇ ಆದಾಯ. ತೆರಿಗೆ ಲೆಕ್ಕದಲ್ಲಿ ಎರಡನೆಯದೇ ಸರಿ. ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇರುವ ಮನೆಯಲ್ಲಿ ಎಲ್ಲರಿಗೂ ಹೇಳಿ, ನಾಮಿನಿ ಬರೆಸಿ ಮಾಡಿ. ಉಳಿಸಿದ ನಾಲ್ಕು ಸಾವಿರದ ಸಲುವಾಗಿ ಮಾತು ಬಿಟ್ಟ ಮನೆಗಳನ್ನು ಕಂಡಿದ್ದೇನೆ.

ಇನ್ನೊಂದು. ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ನಮ್ಮ ಅವ್ವ ತನ್ನ ದುಡ್ಡನ್ನು ಒಂದು ಸೊಸೈಟಿಯಲ್ಲಿ ಇಟ್ಟಿದ್ದಳು. ಅದು ಮುಳುಗಿತು. ಲೆಕ್ಕ ಬರೆಯುವ ಮಗಳು ಮನೆಯಲ್ಲೇ ಇದ್ದೂ ತಡೆಯಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರಿ ಸಂಘ, ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಹಿರಿಯರ ಆಸ್ಪತ್ರೆ ದುಡ್ಡನ್ನು ಅಲ್ಲಿಡಬೇಡಿ.

ಲೈಟ್ ಬಿಲ್, ಬಸ್ಸು, ಹಾಲು

ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ಕೂಲರ್ ಹಗಲು ರಾತ್ರಿ ಓಡುತ್ತದೆ. 195ಕ್ಕೂ 205ಕ್ಕೂ ಇರುವ ವ್ಯತ್ಯಾಸ ಹತ್ತು ಯೂನಿಟ್ ಅಲ್ಲ, ಇಡೀ ಬಿಲ್ಲು. ತಿಂಗಳ ಇಪ್ಪತ್ತನೇ ದಿನ ಮೀಟರ್ ನೋಡುವ ರೂಢಿ ಮಾಡಿಕೊಳ್ಳಿ. ಮನೆ ಮೇಲೆ ಸೋಲಾರ್ ಹಾಕಿಸಲು ಕೇಂದ್ರದ ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲೆ 78,000 ಇದೆ. ಸೊನ್ನೆ ಬಿಲ್ ಬರುವ ಮನೆಗೆ ಇದು ಬೇಕಿಲ್ಲ. ವರ್ಷಪೂರ್ತಿ 250, 300 ಯೂನಿಟ್ ಸುಡುವ ಮನೆಗೆ ಬೇಕು.

ಶಕ್ತಿ ಯೋಜನೆಯ ಉಳಿತಾಯವನ್ನು ಹಾಳೆಯಲ್ಲಿ ಬರೆಯಲು ಎಲ್ಲರೂ ಮರೆಯುತ್ತಾರೆ. ಒಂದು ಕಡೆಗೆ 40 ರೂಪಾಯಿ ಟಿಕೆಟ್ ಎಂದಿಟ್ಟರೆ, ತಿಂಗಳಿಗೆ 24 ದಿನ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ 1,920 ಉಳಿಯುತ್ತದೆ. ಆದರೆ ಮಿರಜ್‌ಗೋ, ಸೊಲ್ಲಾಪುರಕ್ಕೋ ಆಸ್ಪತ್ರೆಗೆ ಹೋಗುವಾಗ ಅದು ನಡೆಯುವುದಿಲ್ಲ. ಯೋಜನೆ ರಾಜ್ಯದ ಗಡಿಯೊಳಗಿನ ಓಡಾಟಕ್ಕಷ್ಟೇ.

ಎದುರಿನ ಕಾಲಂನಲ್ಲಿ ಹೋದದ್ದನ್ನೂ ಬರೆಯಿರಿ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು, ಅದು ಗಂಡಸರ ಜೇಬಿಗೆ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 180. ಡೀಸೆಲ್ ಮಾರಾಟ ತೆರಿಗೆಯೂ ಏರಿ ಲೀಟರಿಗೆ 2 ರೂಪಾಯಿ ಕೂಡಿತು. 25,000 ದಾಟಿದ ಪಗಾರಕ್ಕೆ ತಿಂಗಳಿಗೆ 200 ಇರುವ ವೃತ್ತಿ ತೆರಿಗೆ ಫೆಬ್ರವರಿಯಲ್ಲಿ ಮಾತ್ರ 300 ಆಗಿ, ವರ್ಷಕ್ಕೆ 2,500. ಸಾಬೂನು, ಶಾಂಪೂ, ಟೂತ್‌ಪೇಸ್ಟ್, ತಲೆಗೆಣ್ಣೆಯ ಜಿಎಸ್‌ಟಿ 18ರಿಂದ 5ಕ್ಕೆ ಇಳಿದದ್ದು, ಸಿಮೆಂಟ್ ಮತ್ತು 350 ಸಿಸಿವರೆಗಿನ ಬೈಕಿನದು 28ರಿಂದ 18ಕ್ಕೆ ಇಳಿದದ್ದು ಬಂದ ಕಾಲಂಗೆ.

ಅಂಗಡಿಯವರಿಗೆ: ಗೃಹಲಕ್ಷ್ಮಿಯೋ ಜಿಎಸ್‌ಟಿಯೋ

ನನ್ನ ಕಾಕಾನ ಮಗಳು ಬನಹಟ್ಟಿಯಲ್ಲಿದ್ದಾಳೆ. ಗಂಡಹೆಂಡತಿ ಇಬ್ಬರೂ ಸೇರಿ ಕಿರಾಣಿ ಅಂಗಡಿ ನಡೆಸುತ್ತಾರೆ. ವರ್ಷದ ವಹಿವಾಟು ಸುಮಾರು 30 ಲಕ್ಷ. ಅವರದು ಎಪಿಎಲ್ ಕಾರ್ಡ್, ಗೃಹಲಕ್ಷ್ಮಿ ಬರುತ್ತದೆ. ತಿಂಗಳಿಗೆ 2,000, ವರ್ಷಕ್ಕೆ 24,000. ಅದರಲ್ಲೇ ಅವಳು ಮಗಳ ಟ್ಯೂಷನ್ ಫೀ ಕಟ್ಟುತ್ತಾಳೆ, ಭಿಶಿ (ಚೀಟಿ) ಹಾಕುತ್ತಾಳೆ. ಆ ದುಡ್ಡು ಅವಳ ಖಾತೆಗೆ ಬರುತ್ತದೆ, ಯಾರನ್ನೂ ಕೇಳದೆ ಖರ್ಚು ಮಾಡುತ್ತಾಳೆ. ಅದಕ್ಕೆ ಬೆಲೆ ಕಟ್ಟುವುದು ನನಗೆ ಆಗುವುದಿಲ್ಲ. ಆದರೆ ಲೆಕ್ಕದಲ್ಲಿ ಸೇರಿಸದೆ ಬಿಡುವುದೂ ತಪ್ಪು.

ಹೋಲ್‌ಸೇಲ್‌ನವರು ಅವಳ ಗಂಡನಿಗೆ "ಜಿಎಸ್‌ಟಿ ಮಾಡಿಸ್ರಿ" ಎಂದು ಒಂದೇ ಸಮನೆ ಹೇಳುತ್ತಿದ್ದರು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದ ಸುದ್ದಿ ಬಂದಾಗ ಇಬ್ಬರೂ ಹೆದರಿ, ಗಲ್ಲಾ ಮೇಲಿನ ಕ್ಯೂಆರ್ ಚೀಟಿ ತೆಗೆದಿಟ್ಟು ನನ್ನ ಹತ್ತಿರ ಬಂದರು.

ನಿಯಮ ಹೀಗಿದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಸೇವೆ ಕೊಡುವವರಿಗೆ 20 ಲಕ್ಷ. ತೆರಿಗೆಯೇ ಇಲ್ಲದ ಸರಕನ್ನು ಮಾತ್ರ, ಅಂದರೆ ಬರೀ ತರಕಾರಿಯನ್ನೋ ಹಾಲನ್ನೋ ಮಾರುವವರಿಗೆ ಬೇಡ. ಆದರೆ ಕಿರಾಣಿಯಲ್ಲಿ ಎರಡೂ ಬಗೆಯ ಸರಕು ಇರುತ್ತವೆ, ಎಲ್ಲ ಕೂಡಿಸಿ ನೋಡಬೇಕು. ಗೃಹಲಕ್ಷ್ಮಿಯ ನಿಯಮ ನೋಡುವುದು ಯಜಮಾನಿಯನ್ನು ಮತ್ತು ಅವಳ ಗಂಡನನ್ನು. ಇಬ್ಬರಲ್ಲಿ ಒಬ್ಬರು ಆದಾಯ ತೆರಿಗೆ ಕಟ್ಟುವವರಾದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾದರೆ ಅದು ಸಿಗುವುದಿಲ್ಲ. ತೆರಿಗೆ ಇರುವ ಸರಕಿನ ವಹಿವಾಟಿಗೆ ಒಟ್ಟಾಗಿ ಶೇ 1 ಕಟ್ಟುವ ಕಂಪೋಸಿಷನ್ ಸ್ಕೀಮ್‌ನವರೂ ರಿಟರ್ನ್ ಸಲ್ಲಿಸುವವರೇ.

ಹಾಳೆಯ ಮೇಲೆ ಬರೆದೆವು. ಈಗ ನೋಂದಣಿ ಮಾಡಿಸಿದರೆ ಕಂಪೋಸಿಷನ್‌ನಲ್ಲಿ 30 ಲಕ್ಷಕ್ಕೆ ವರ್ಷಕ್ಕೆ ಹೆಚ್ಚೆಂದರೆ 30,000. ಗೃಹಲಕ್ಷ್ಮಿ ಹೋದದ್ದು 24,000. ಎರಡೂ ಸೇರಿ 54,000ದವರೆಗೆ, ಮೇಲೆ ಲೆಕ್ಕಿಗನ ಫೀ. ಬದಲಿಗೆ ಸಿಗುವುದೇನು? ಹಾಸ್ಟೆಲ್‌ಗೋ ಕಾರ್ಖಾನೆ ಕ್ಯಾಂಟೀನ್‌ಗೋ ದೊಡ್ಡ ಆರ್ಡರ್ ಹಿಡಿಯುವ ಆಲೋಚನೆ ಇದ್ದರೆ ಅಂಥಲ್ಲಿ ಜಿಎಸ್‌ಟಿ ನಂಬರ್ ಕೇಳುತ್ತಾರೆ. ಅವರಿಗೆ ಸದ್ಯ ಆ ಆಲೋಚನೆ ಇಲ್ಲ. 40 ಲಕ್ಷದೊಳಗಿರುವವರೆಗೆ ಬೇಡ ಎಂದು ಹೇಳಿದೆ. ದಾಟಿದ ಮೇಲೆ ಮುಚ್ಚಿಡುವುದಕ್ಕೆ ಮಾತ್ರ ನನ್ನ ಸಲಹೆ ಇಲ್ಲ. ಬಡ್ಡಿ, ದಂಡ ಸೇರಿ ಬಂದರೆ ಎರಡು ವರ್ಷದ ಗೃಹಲಕ್ಷ್ಮಿ ಒಂದೇ ದಿನಕ್ಕೆ ಹೋಗುತ್ತದೆ.

ಆದಾಯ ತೆರಿಗೆ ರಿಟರ್ನ್ ಬೇರೆ ವಿಷಯ. ಇದನ್ನೂ ಜಿಎಸ್‌ಟಿಯನ್ನೂ ಕಲಸಿಕೊಂಡವರು ಬಹಳ. ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 8ನ್ನು, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6ನ್ನು ಲಾಭ ಎಂದು ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. 30 ಲಕ್ಷಕ್ಕೆ ಶೇ 8 ಎಂದರೆ 2 ಲಕ್ಷ 40 ಸಾವಿರ. ತೆರಿಗೆ ಸೊನ್ನೆ. ಅಂಗಡಿ ಸಾಲಕ್ಕೆ ಹೋದಾಗ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಅದಿಲ್ಲದೆ ಖಾಸಗಿ ಫೈನಾನ್ಸ್‌ಗೆ ಹೋದರೆ ಬಡ್ಡಿಯಲ್ಲೇ 24,000ಕ್ಕಿಂತ ಹೆಚ್ಚು ಹೋಗುತ್ತದೆ. ಹಾಗಾಗಿ ರಿಟರ್ನ್ ಹಾಕಿ ಎಂದೆ. ತೆರಿಗೆ ಸೊನ್ನೆ ಎಂದು ತೋರಿಸುವ ಪ್ರತಿಯನ್ನು ಪ್ರಿಂಟ್ ತೆಗೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಗೃಹಲಕ್ಷ್ಮಿ ನಿಂತರೆ ಅದನ್ನು ಹಿಡಿದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ ಕಚೇರಿಗೆ ಹೋಗಬಹುದು.

ಬಿಪಿಎಲ್ ಕಾರ್ಡ್ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಇಡೀ ಕುಟುಂಬದ ಲೆಕ್ಕ ನೋಡುತ್ತಾರೆ. ವರ್ಷದ ಆದಾಯ 1 ಲಕ್ಷ 20 ಸಾವಿರ ಮೀರಬಾರದು, ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಇರಬಾರದು. ಮಗನಿಗೆ ಬೆಂಗಳೂರಲ್ಲಿ ನೌಕರಿ ಹತ್ತಿ, ಅವನ ಹೆಸರು ಇನ್ನೂ ಇಲ್ಲಿನ ಕಾರ್ಡಿನಲ್ಲೇ ಇದ್ದರೆ ಕಾರ್ಡ್‌ಗೆ ಕುತ್ತು. ಅವನು ನಿಜವಾಗಿ ಬೇರೆ ಸಂಸಾರ ಹೂಡಿದ್ದರೆ ಹೆಸರು ತೆಗೆಸಿ. ಬಿಪಿಎಲ್ ಹೋದರೆ ಹೋಗುವುದು ಅಕ್ಕಿಯೊಂದೇ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ಮನೆಯಲ್ಲಿ ಡಯಾಲಿಸಿಸ್‌ನವರೋ ಹಾರ್ಟ್ ತೊಂದರೆಯವರೋ ಇದ್ದರೆ ಹಾಳೆಯಲ್ಲಿ ಮೊದಲು ಬರೆಯಬೇಕಾದ ಸಾಲು ಇದೇ.

ಬನಹಟ್ಟಿಯವರು ಕ್ಯೂಆರ್ ಚೀಟಿ ಮತ್ತೆ ಅಂಟಿಸಿದ್ದಾರೆ. ಅಂಗಡಿಗೆ ಬೇರೆ ಖಾತೆ ತೆಗೆದು, ತವರಿನಿಂದ ಬರುವ ದುಡ್ಡು, ಭಿಶಿ ದುಡ್ಡು ಅದರಲ್ಲಿ ಬೆರೆಯದಂತೆ ಮಾಡಿದ್ದಾರೆ. ದಿನದ ಮಾರಾಟವನ್ನು ಅವಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ದೀಪಾವಳಿಗೆ ಪೂಜೆಗೆ ಇಡುವ ಮುಂಚೆ ಏಪ್ರಿಲ್‌ನಿಂದ ಕೂಡಿಸಿ ನೋಡುತ್ತೇನೆ, 22 ಲಕ್ಷ ದಾಟಿದ್ದರೆ ವರ್ಷಕ್ಕೆ 40 ಲಕ್ಷದ ಹತ್ತಿರ ಹೋಗುತ್ತದೆ, ಆಗ ಫೋನ್ ಮಾಡುತ್ತೇನೆ ಎಂದಿದ್ದಾಳೆ.